ಹೆಸರು ಒಬ್ಬರದು, ಸಂಪರ್ಕ ಹತ್ತು ಮನೆಯದು: ಅಪಾರ್ಟ್‌ಮೆಂಟ್ ಇಂಟರ್‌ನೆಟ್‌ಗೆ ಹೊಣೆ ಯಾರು?

ಹಾಸನ: ನೆಲಮಹಡಿಯಲ್ಲಿ ಮನೆಯ ಮಾಲೀಕರು, ಮೇಲಿನ ಎರಡು ಮೂರು ಅಂತಸ್ತುಗಳಲ್ಲಿ ಬಾಡಿಗೆದಾರರು, ಎಲ್ಲರಿಗೂ ಸೇರಿ ಒಂದೇ ಇಂಟರ್‌ನೆಟ್ ಸಂಪರ್ಕ. ವೈ-ಫೈ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು; ತಿಂಗಳ ಬಿಲ್ಲನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಜಿಲ್ಲಾ ಕೇಂದ್ರವಾದ ಹಾಸನದ ಅಪಾರ್ಟ್‌ಮೆಂಟುಗಳಿಂದ ಹಿಡಿದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬಾಡಿಗೆ ಕಟ್ಟಡಗಳವರೆಗೆ ಇಂತಹ ಏರ್ಪಾಡು ಯಾರಿಗೂ ಅಪರಿಚಿತವಲ್ಲ. ಹಣ ಉಳಿಯುತ್ತದೆ, ನೆರೆಹೊರೆಯ ಸೌಹಾರ್ದವೂ ಉಳಿಯುತ್ತದೆ. ಆದರೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವವರು ಕಡಿಮೆ. ಆ ಸಂಪರ್ಕವನ್ನು ಬಳಸಿ ಯಾರಾದರೂ ಅಪರಾಧ ಎಸಗಿದರೆ ಪೊಲೀಸರು ಮೊದಲು ಯಾರ ಮನೆಯ ಬಾಗಿಲು ತಟ್ಟುತ್ತಾರೆ?

ಉತ್ತರ ಸರಳ. ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರ ಮನೆಯ ಬಾಗಿಲನ್ನು.

ಖರ್ಚನ್ನು ಹಂಚಿಕೊಂಡಷ್ಟು ಸುಲಭವಾಗಿ ಹೊಣೆಯನ್ನು ಹಂಚಿಕೊಳ್ಳಲಾಗದು ಎಂಬುದೇ ಈ ವಿಷಯದ ತಿರುಳು. ವೇಗ ಎಷ್ಟು, ದರ ಎಷ್ಟು ಎಂಬ ಚರ್ಚೆಯಲ್ಲಿ ಈ ತಿರುಳು ಮರೆಯಾಗುತ್ತಿದೆ.

ವಠಾರದ ನಲ್ಲಿ, ವಠಾರದ ವೈ-ಫೈ

ವಠಾರಗಳಲ್ಲಿ ಬೆಳೆದವರಿಗೆ ಹಂಚಿಕೆಯ ವ್ಯವಹಾರ ಹೊಸದಲ್ಲ. ಒಂದೇ ನಲ್ಲಿ, ಒಂದೇ ಬಾವಿ, ಒಂದೇ ವಿದ್ಯುತ್ ಮೀಟರು. ಯಾರು ಎಷ್ಟು ಕೊಡ ಹಿಡಿದರು, ಯಾರ ಮನೆಯ ದೀಪ ಹೆಚ್ಚು ಹೊತ್ತು ಉರಿಯಿತು ಎಂಬ ತಕರಾರುಗಳು ಇದ್ದರೂ ಬದುಕು ನಡೆಯುತ್ತಿತ್ತು. ಇಂಟರ್‌ನೆಟ್ಟನ್ನೂ ಅದೇ ಕಣ್ಣಿನಿಂದ ನೋಡುವುದು ಸಹಜವೇ.

ಆದರೆ ಎರಡರ ನಡುವೆ ಮೂಲಭೂತ ವ್ಯತ್ಯಾಸವೊಂದಿದೆ. ನೀರು ಮನೆಯೊಳಗೆ ಬರುತ್ತದೆ, ಅಷ್ಟೆ. ಇಂಟರ್‌ನೆಟ್‌ನಲ್ಲಿ ಹೊರಗೆ ಹೋಗುವುದೂ ಅಷ್ಟೇ ಮುಖ್ಯ. ಇ-ಮೇಲ್, ಬ್ಯಾಂಕ್ ವ್ಯವಹಾರ, ಸಾಮಾಜಿಕ ಜಾಲತಾಣದ ಟಿಪ್ಪಣಿ, ಎಲ್ಲವೂ ಹೊರಗೆ ಹೋಗುವಾಗ ಐಪಿ ವಿಳಾಸ ಎಂಬ ಸಂಖ್ಯಾರೂಪದ ಮುದ್ರೆಯನ್ನು ಹೊತ್ತೇ ಹೋಗುತ್ತವೆ. ಕಟ್ಟಡದ ರೂಟರ್ ಒಳಗಿನ ಪ್ರತಿಯೊಂದು ಮೊಬೈಲ್, ಕಂಪ್ಯೂಟರ್‌ಗೂ ಪ್ರತ್ಯೇಕ ಸಂಖ್ಯೆ ನೀಡುತ್ತದೆಯಾದರೂ ಹೊರಜಗತ್ತಿಗೆ ಕಾಣುವುದು ಒಂದೇ ವಿಳಾಸ. ಮೂರನೆಯ ಮಹಡಿಯ ವಿದ್ಯಾರ್ಥಿ ಬರೆದದ್ದೂ ನೆಲಮಹಡಿಯ ನಿವೃತ್ತ ಶಿಕ್ಷಕರು ಬರೆದದ್ದೂ ಹೊರಗಿನಿಂದ ನೋಡುವವರಿಗೆ ಒಂದೇ ಮನೆಯಿಂದ ಬಂದಂತೆ ತೋರುತ್ತದೆ.

ಹಾಸನಕ್ಕೂ ಸಂಪರ್ಕ ತಂತ್ರಜ್ಞಾನಕ್ಕೂ ನಂಟು ಹಳೆಯದು. ಇನ್‌ಸ್ಯಾಟ್ ಸರಣಿಯ ಉಪಗ್ರಹಗಳ ನಿಯಂತ್ರಣಕ್ಕಾಗಿ ಇಸ್ರೊ ತನ್ನ ಮುಖ್ಯ ನಿಯಂತ್ರಣ ಕೇಂದ್ರವನ್ನು 1982ರಲ್ಲಿ ಸ್ಥಾಪಿಸಿದ್ದು ಇದೇ ನಗರದಲ್ಲಿ. ಆದರೆ ಸಾಮಾನ್ಯರ ಮನೆಗೆ ಬ್ರಾಡ್‌ಬ್ಯಾಂಡ್ ಬರಲು ಮತ್ತೆ ಎರಡು ದಶಕಗಳು ಬೇಕಾದವು. ಕೇಂದ್ರ ಸರ್ಕಾರ 2004ರಲ್ಲಿ ಬ್ರಾಡ್‌ಬ್ಯಾಂಡ್ ನೀತಿ ಪ್ರಕಟಿಸಿದಾಗ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕು, ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. 2005ರಲ್ಲಿ ಬಿಎಸ್‌ಎನ್‌ಎಲ್ ದೂರವಾಣಿ ತಂತಿಯ ಮೂಲಕವೇ ಈ ಸೇವೆ ಆರಂಭಿಸಿತು. 2023ರಲ್ಲಿ ಕನಿಷ್ಠ ವೇಗದ ವ್ಯಾಖ್ಯೆಯನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ಇಂದು ಆಪ್ಟಿಕಲ್ ಫೈಬರ್ ತಲುಪಿದ ಮನೆಗೆ 50, 100 ಮೆಗಾಬಿಟ್ ಎಂಬುದು ವಿಶೇಷವಲ್ಲ. ಒಂದು ಸಂಸಾರ ಬಳಸಿ ಮುಗಿಸಲಾರದಷ್ಟು ವೇಗ ದೊರೆತ ಮೇಲೆ ಹಂಚಿಕೊಳ್ಳುವ ಆಲೋಚನೆ ಹುಟ್ಟುವುದು ಸ್ವಾಭಾವಿಕ.

2020ರ ಲಾಕ್‌ಡೌನ್ ಈ ಆಲೋಚನೆಗೆ ಇನ್ನಷ್ಟು ಒತ್ತು ಕೊಟ್ಟಿತು. ಮಕ್ಕಳಿಗೆ ಆನ್‌ಲೈನ್ ತರಗತಿ, ಬೆಂಗಳೂರಿನಿಂದ ಊರಿಗೆ ಮರಳಿದವರಿಗೆ ಮನೆಯಿಂದಲೇ ಕೆಲಸ. ಸಂಪರ್ಕವಿದ್ದ ಮನೆಯವರು ಪಕ್ಕದ ಮನೆಗೂ ಪಾಸ್‌ವರ್ಡ್ ನೀಡಿದರು. ಅಂದು ಅದು ಉಪಕಾರವಾಗಿತ್ತು. ಉಪಕಾರವು ಕ್ರಮೇಣ ವ್ಯವಸ್ಥೆಯಾಯಿತು. ವ್ಯವಸ್ಥೆಗೆ ಬೇಕಾದ ನಿಯಮಗಳು ಮಾತ್ರ ಹುಟ್ಟಲಿಲ್ಲ.

ಎರಡು ಪ್ರಕರಣಗಳು ಹೇಳುವ ಪಾಠ

ಐಪಿ ವಿಳಾಸವನ್ನು ವ್ಯಕ್ತಿಯೆಂದೇ ಭಾವಿಸಿದರೆ ಏನಾಗಬಹುದು ಎಂಬುದಕ್ಕೆ ಕರ್ನಾಟಕದವರೇ ಒಬ್ಬರು ಬೆಲೆ ತೆತ್ತಿದ್ದಾರೆ. 2007ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಪುಣೆ ಪೊಲೀಸರು ಬಂಧಿಸಿದರು. ಆರ್ಕುಟ್ ಜಾಲತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಹೇಳನ ಮಾಡಲಾಗಿದೆ ಎಂಬುದು ಆರೋಪ. ಆಧಾರವಾಗಿದ್ದದ್ದು ಒಂದು ಐಪಿ ವಿಳಾಸ. ಆ ವಿಳಾಸ ಅವರದಲ್ಲವೆಂಬುದು, ಅದಕ್ಕೆ ಸಂಬಂಧಿಸಿ ನೀಡಲಾಗಿದ್ದ ಗ್ರಾಹಕರ ಮಾಹಿತಿಯೇ ತಪ್ಪೆಂಬುದು ಬಳಿಕ ತಿಳಿಯಿತು. ಅಷ್ಟರಲ್ಲಿ ಅವರು ಸುಮಾರು 50 ದಿನ ಸೆರೆಮನೆಯಲ್ಲಿ ಕಳೆದಿದ್ದರು. ಅಲ್ಲಿ ಹಂಚಿಕೊಂಡ ಸಂಪರ್ಕವಿರಲಿಲ್ಲ, ದಾಖಲೆಯ ದೋಷವಿತ್ತು ಎಂಬುದು ನಿಜ. ಆದರೆ ದಾಖಲೆ ತೋರಿಸಿದ ಹೆಸರಿನವರು ತಾವು ನಿರಪರಾಧಿ ಎಂದು ಸಾಬೀತುಪಡಿಸುವವರೆಗೆ ಅನುಭವಿಸಬೇಕಾದ ಯಾತನೆ ಎರಡೂ ಸಂದರ್ಭಗಳಲ್ಲಿ ಒಂದೇ.

ಮರುವರ್ಷದ ಘಟನೆಯಲ್ಲಿ ವೈ-ಫೈ ನೇರವಾಗಿಯೇ ಕಾಣಿಸಿಕೊಂಡಿತು. 2008ರ ಜುಲೈ 25ರಂದು ಬೆಂಗಳೂರಿನಲ್ಲಿ, ಮರುದಿನ ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದವು. ಅಹಮದಾಬಾದ್ ಸ್ಫೋಟಕ್ಕೆ ಕೆಲವೇ ನಿಮಿಷ ಮುಂಚೆ ಮಾಧ್ಯಮಗಳಿಗೆ ಬಂದ ಬೆದರಿಕೆಯ ಇ-ಮೇಲ್‌ನ ಜಾಡು ಹಿಡಿದ ತನಿಖಾಧಿಕಾರಿಗಳು ತಲುಪಿದ್ದು ನವಿ ಮುಂಬೈಯಲ್ಲಿ ನೆಲೆಸಿದ್ದ ಅಮೆರಿಕದ ಪ್ರಜೆಯೊಬ್ಬರ ಅಪಾರ್ಟ್‌ಮೆಂಟನ್ನು. ಅವರ ವೈ-ಫೈ ಸಂಪರ್ಕಕ್ಕೆ ಭದ್ರತೆ ಇರಲಿಲ್ಲ. ಅದನ್ನು ಬೇರೆಯವರು ದುರ್ಬಳಕೆ ಮಾಡಿಕೊಂಡಿದ್ದರು. ಅದೇ ವರ್ಷದ ಸೆಪ್ಟೆಂಬರ್ 13ರ ದೆಹಲಿ ಸ್ಫೋಟದ ವೇಳೆ ಬಂದ ಇ-ಮೇಲ್‌ನ ಜಾಡು ಮುಂಬೈಯ ಚೆಂಬೂರಿನ ಇನ್ನೊಂದು ಅಸುರಕ್ಷಿತ ವೈ-ಫೈ ಸಂಪರ್ಕದತ್ತ ಸಾಗಿತು.

ಈ ಘಟನೆಗಳ ಪರಿಣಾಮವಾಗಿ ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲಿ ಇಂಟರ್‌ನೆಟ್ ಸೇವಾ ಸಂಸ್ಥೆಗಳಿಗೆ ವೈ-ಫೈ ಸುರಕ್ಷಿತ ಬಳಕೆಯ ಕುರಿತು ಸೂಚನೆ ಹೊರಡಿಸಿತು. ತೆರೆದ ವೈ-ಫೈ ಅಪಾಯಕಾರಿ ಎಂಬ ಅರಿವು ಅಂದಿನಿಂದ ವ್ಯಾಪಕವಾಗಿದೆ. ಇಂದು ಪಾಸ್‌ವರ್ಡ್ ಇಲ್ಲದ ಮನೆ ಅಪರೂಪ. ಆದರೆ ಇಪ್ಪತ್ತು ಜನರಿಗೆ, ಅವರ ಬಂಧುಬಳಗಕ್ಕೆ, ಹಿಂದಿನ ವರ್ಷ ಮನೆ ಖಾಲಿ ಮಾಡಿ ಹೋದವರಿಗೆ ಗೊತ್ತಿರುವ ಪಾಸ್‌ವರ್ಡು ಬೀಗವಿದ್ದೂ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ.

ಕಾನೂನಿನ ನೋಟ

ವೈ-ಫೈ ಮಾಲೀಕರೇ ಅಪರಾಧಿ ಎಂದು ಯಾವ ಕಾನೂನೂ ಹೇಳುವುದಿಲ್ಲ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಗುರುತಿನ ಕಳವು, ಕಂಪ್ಯೂಟರ್ ಮೂಲಕ ವಂಚನೆ ಮುಂತಾದವು ಶಿಕ್ಷಾರ್ಹ. ಶಿಕ್ಷೆ ಆಗಬೇಕಾದರೆ ಆ ಕೃತ್ಯವನ್ನು ಯಾರು ಎಸಗಿದರು ಎಂಬುದು ಸಾಬೀತಾಗಲೇಬೇಕು. ಆದರೆ ತನಿಖೆ ಆರಂಭವಾಗುವುದು ಗ್ರಾಹಕರ ಹೆಸರಿನಿಂದ. ನೋಟಿಸ್, ವಿಚಾರಣೆ, ಮೊಬೈಲ್ ಮತ್ತು ಕಂಪ್ಯೂಟರ್‌ಗಳ ಜಪ್ತಿ ಇವೆಲ್ಲವೂ ಶಿಕ್ಷೆಗೆ ಬಹಳ ಮೊದಲೇ ಬರುವ ಸಂಕಷ್ಟಗಳು.

ಇಲ್ಲಿ ಸೈಬರ್ ಕೆಫೆಗಳ ಉದಾಹರಣೆ ನೆನೆಯಬಹುದು. ಹಾಸನದ ಬಸ್ ನಿಲ್ದಾಣದ ಸುತ್ತಮುತ್ತಲಿನ ಬೀದಿಗಳಂಥ ಕಡೆ ಒಂದು ಕಾಲಕ್ಕೆ ತುಂಬಿ ತುಳುಕುತ್ತಿದ್ದ ಈ ಅಂಗಡಿಗಳಿಗೆ ಕರ್ನಾಟಕ 2004ರಲ್ಲೇ ನಿಯಮ ರೂಪಿಸಿತ್ತು. ಕೇಂದ್ರ ಸರ್ಕಾರ 2011ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಬಳಕೆದಾರರ ಗುರುತಿನ ಚೀಟಿ ನೋಡಬೇಕು, ಬಳಕೆಯ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಪಿಡಬೇಕು. ಗಂಟೆಗೆ ಇಷ್ಟು ಎಂದು ಹಣ ಪಡೆಯುತ್ತಿದ್ದ ನಾಲ್ಕು ಕಂಪ್ಯೂಟರಿನ ಅಂಗಡಿಗೆ ಇಷ್ಟೆಲ್ಲ ಕಟ್ಟುಪಾಡು. ಮೂವತ್ತು ನಲವತ್ತು ಮೊಬೈಲ್‌ಗಳು ಹಗಲಿರುಳು ಒಂದೇ ಸಂಪರ್ಕಕ್ಕೆ ಜೋಡಿಸಿಕೊಂಡಿರುವ ಕಟ್ಟಡದಲ್ಲಿ ಒಂದು ನೋಟ್ ಬುಕ್ಕೂ ಇಲ್ಲ ಎಂಬುದು ವಿಪರ್ಯಾಸ.

ಮತ್ತೊಂದು ತೊಡಕು ಮರುಮಾರಾಟದ್ದು. ಗೃಹಬಳಕೆಯ ಯೋಜನೆಯನ್ನು ಇತರರಿಗೆ ಮಾರಲು ಸೇವಾ ಸಂಸ್ಥೆಗಳ ಒಪ್ಪಂದಗಳು ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ದೂರಸಂಪರ್ಕ ಸೇವೆ ಒದಗಿಸಲು ಸರ್ಕಾರದ ಅನುಮತಿ ಬೇಕು ಎಂಬುದು 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದಲೂ ಇರುವ ತತ್ವ. 2023ರ ದೂರಸಂಪರ್ಕ ಕಾಯ್ದೆಯೂ ಅದನ್ನೇ ಮುಂದುವರಿಸಿದೆ. ನೆರೆಯವರೊಡನೆ ಬಿಲ್ಲು ಹಂಚಿಕೊಳ್ಳುವುದಕ್ಕೂ ಬಾಡಿಗೆಯ ಜೊತೆ ‘ವೈ-ಫೈ ಶುಲ್ಕ’ ಎಂದು ಲಾಭ ಸೇರಿಸಿ ವಸೂಲು ಮಾಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಕಟ್ಟಡ ಮಾಲೀಕರು ಅರಿಯಬೇಕು.

ಬಾಡಿಗೆ ಮನೆಗಳಲ್ಲಿ ಇನ್ನೂ ಸೂಕ್ಷ್ಮವಾದ ಸಮಸ್ಯೆಯೊಂದಿದೆ. ಸಂಪರ್ಕ ಪಡೆದ ಬಾಡಿಗೆದಾರ ವರ್ಗಾವಣೆಯಾಗಿ ಊರು ಬಿಡುತ್ತಾರೆ. ರೂಟರ್ ಅಲ್ಲೇ ಉಳಿಯುತ್ತದೆ, ಹೊಸಬರು ಬಿಲ್ಲು ಕಟ್ಟುತ್ತಾ ಹೋಗುತ್ತಾರೆ, ಹೆಸರು ಮಾತ್ರ ಹಳೆಯವರದೇ. ದೂರಸಂಪರ್ಕ ಸೇವೆ ಪಡೆಯುವಾಗ ಸುಳ್ಳು ವಿವರ ನೀಡುವುದನ್ನು, ಬೇರೊಬ್ಬರಂತೆ ನಟಿಸುವುದನ್ನು 2023ರ ಕಾಯ್ದೆ ನಿಷೇಧಿಸಿದೆ. ಆ ವಿಧಿ 2024ರ ಜೂನ್ 26ರಿಂದ ಜಾರಿಯಲ್ಲಿದೆ. ಹೆಸರು ಬದಲಿಸದೆ ಬಿಟ್ಟ ಉದಾಸೀನವೆಲ್ಲ ಈ ವಿಧಿಯಡಿ ಬರುತ್ತದೆ ಎನ್ನಲಾಗದು. ಆದರೂ ಊರು ಬಿಟ್ಟ ವ್ಯಕ್ತಿ ತಾನು ಕಾಣದ ಮನೆಯ, ತಾನು ಅರಿಯದ ಜನರ ಕೃತ್ಯಗಳಿಗೆ ಮೊದಲ ಉತ್ತರದಾಯಿಯಾಗಿ ಉಳಿಯುತ್ತಾನೆ ಎಂಬುದು ಗಮನಾರ್ಹ.

ಒಳಗಿನ ಅಪಾಯ

ಅಪಾಯ ಕಾನೂನಿನದು ಮಾತ್ರವಲ್ಲ. ಒಂದೇ ರೂಟರಿಗೆ ಸೇರಿದ ಮನೆಗಳು ತಾಂತ್ರಿಕವಾಗಿ ಒಂದೇ ಮನೆಯ ಕೋಣೆಗಳಿದ್ದಂತೆ. ಒಬ್ಬರ ಮನೆಯ ಸ್ಮಾರ್ಟ್ ಟಿವಿ, ಮುದ್ರಣ ಯಂತ್ರ, ಸಿಸಿ ಕ್ಯಾಮೆರಾದ ಪೆಟ್ಟಿಗೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳಬಹುದು. ಒಬ್ಬರ ಯಂತ್ರಕ್ಕೆ ಹೊಕ್ಕ ವೈರಸ್ ಇನ್ನೊಬ್ಬರದಕ್ಕೆ ದಾಟಲು ಮೆಟ್ಟಿಲು ಹತ್ತಬೇಕಾಗಿಲ್ಲ.

ವೈ-ಫೈ ಭದ್ರತೆಯ ಇತಿಹಾಸವೂ ಎಚ್ಚರಿಕೆಯ ಇತಿಹಾಸವೇ. ಮೊದಲ ಪೀಳಿಗೆಯ ಡಬ್ಲ್ಯುಇಪಿ ಗೂಢಲಿಪಿಯನ್ನು ಸಂಶೋಧಕರು 2001ರಲ್ಲೇ ಭೇದಿಸಿ ತೋರಿಸಿದರು. 2004ರಲ್ಲಿ ಡಬ್ಲ್ಯುಪಿಎ2 ಬಂತು. ಅದರಲ್ಲೂ ದೋಷವಿರುವುದನ್ನು ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 2017ರ ಅಕ್ಟೋಬರ್‌ನಲ್ಲಿ ಬಯಲಿಗೆಳೆದರು. 2018ರಲ್ಲಿ ಡಬ್ಲ್ಯುಪಿಎ3 ಪ್ರಕಟವಾಯಿತು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ ಡಬ್ಲ್ಯುಪಿಎ2 ಜಾಲದಲ್ಲಿ ಆ ಪಾಸ್‌ವರ್ಡ್ ಬಲ್ಲ ನೆರೆಯವರು ಮನಸ್ಸು ಮಾಡಿದರೆ ಇತರರ ಸಂವಹನವನ್ನು ಗಾಳಿಯಲ್ಲೇ ಹಿಡಿದು ಬಿಡಿಸಿ ನೋಡಲು ಸಾಧ್ಯ. ಇಂದಿನ ಬ್ಯಾಂಕ್ ತಾಣಗಳು ತಮ್ಮದೇ ಗೂಢಲಿಪಿ ಬಳಸುವುದರಿಂದ ಒಳಗಿನ ವಿವರ ಸುಲಭವಾಗಿ ಸೋರದು. ಆದರೆ ಯಾರು ಯಾವ ತಾಣಕ್ಕೆ ಹೋಗುತ್ತಾರೆ ಎಂಬ ಜಾಡು ಸಿಕ್ಕೀತು.

ರೂಟರಿನ ಆಡಳಿತದ ಪಾಸ್‌ವರ್ಡ್ ಇನ್ನೂ ಮುಖ್ಯ. ಕಾರ್ಖಾನೆಯಿಂದ ಬಂದ ಸುಲಭ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟರೆ ಒಳಗಿನವರು ಯಾರಾದರೂ ಅದರ ವಿಳಾಸಪಟ್ಟಿಯನ್ನು ತಿದ್ದಿ, ಬ್ಯಾಂಕಿನ ತಾಣ ಹುಡುಕುವವರನ್ನು ನಕಲಿ ತಾಣಕ್ಕೆ ಕಳಿಸಬಹುದು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಹೀಗೆಯೇ ಪಾಸ್‌ವರ್ಡ್ ಬದಲಿಸದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡು ಅಮೆರಿಕದ ಹಲವು ಪ್ರಮುಖ ಜಾಲತಾಣಗಳನ್ನು ಗಂಟೆಗಟ್ಟಲೆ ಸ್ಥಗಿತಗೊಳಿಸಿತ್ತು.

ಸಂಘವೇ ಸಂಪರ್ಕ ಪಡೆಯುವುದಾದರೆ

ಹಾಗಾದರೆ ಹಂಚಿಕೆಯೇ ಬೇಡವೇ? ಬೇಕು, ಆದರೆ ಅದಕ್ಕೊಂದು ಶಿಸ್ತು ಇರಬೇಕು. ಹನ್ನೆರಡು ಮನೆಗಳ ಒಂದು ಅಪಾರ್ಟ್‌ಮೆಂಟನ್ನು ಊಹಿಸಿಕೊಳ್ಳೋಣ. ಅಲ್ಲಿ ಲಿಫ್ಟ್, ನೀರಿನ ಪಂಪು, ಕಾವಲುಗಾರನ ವೇತನ ಎಲ್ಲವನ್ನೂ ನಿವಾಸಿಗಳ ಸಂಘ ನೋಡಿಕೊಳ್ಳುತ್ತದೆ. ಇಂಟರ್‌ನೆಟ್ಟೂ ಆ ಪಟ್ಟಿಗೆ ಸೇರುವುದಾದರೆ ಮೊದಲ ಕೆಲಸ ಸಂಪರ್ಕವನ್ನು ವ್ಯಕ್ತಿಯ ಹೆಸರಿನಿಂದ ಸಂಘದ ಹೆಸರಿಗೆ ತರುವುದು. ಇದಕ್ಕೆ ಸಂಘ ನೋಂದಣಿಯಾಗಿರಬೇಕು. ಹಲವು ಮನೆಗಳಿಗೆ ಹಂಚುವುದಾಗಿ ಸೇವಾ ಸಂಸ್ಥೆಗೆ ಲಿಖಿತವಾಗಿ ತಿಳಿಸಿ, ಅದಕ್ಕೆ ಅವಕಾಶವಿರುವ ಯೋಜನೆಯನ್ನೇ ಪಡೆಯಬೇಕು.

ಎರಡನೆಯದು, ಮನೆಮನೆಗೂ ಗೋಡೆ. ಮನೆಗೆ ಗೋಡೆ ಇರುವಂತೆ ಜಾಲಕ್ಕೂ ಗೋಡೆ ಕಟ್ಟಲು ಸಾಧ್ಯ. ತಂತ್ರಜ್ಞರು ಇದನ್ನು ವಿಲ್ಯಾನ್ ಎನ್ನುತ್ತಾರೆ. ಒಂದೇ ತಂತಿಯಲ್ಲಿ ಹರಿಯುವ ದತ್ತಾಂಶಕ್ಕೆ ಮನೆವಾರು ಗುರುತು ಹಚ್ಚಿ, ಒಂದರದು ಇನ್ನೊಂದಕ್ಕೆ ಕಾಣದಂತೆ ಮಾಡುವ ವಿಧಾನವಿದು. ಮನೆಗೊಂದು ವಿಲ್ಯಾನ್, ಮನೆಗೊಂದು ಪಾಸ್‌ವರ್ಡ್, ಅತಿಥಿಗಳಿಗೆ ಪ್ರತ್ಯೇಕ ಜಾಲ, ಕಟ್ಟಡದ ಸಿಸಿ ಕ್ಯಾಮೆರಾಗಳಿಗೆ ಮತ್ತೊಂದು. ಒಂದು ಮನೆಯವರು ಸಿನಿಮಾ ನೋಡುವಾಗ ಇನ್ನೊಂದು ಮನೆಯ ತರಗತಿ ನಿಲ್ಲದಂತೆ ಮನೆವಾರು ವೇಗದ ಮಿತಿಯನ್ನೂ ಇಲ್ಲಿಯೇ ಹಾಕಬಹುದು. ಇದಕ್ಕೆ ಬೇಕಾದ ಸ್ವಿಚ್ಚು, ರೂಟರುಗಳು ಮನೆಬಳಕೆಯವಕ್ಕಿಂತ ದುಬಾರಿಯಾದರೂ ಹನ್ನೆರಡು ಮನೆಗಳು ಸೇರಿದರೆ ಕೈಗೆಟುಕದ ವೆಚ್ಚವಲ್ಲ.

ಪ್ರತಿ ಮೊಬೈಲಿನ ಯಂತ್ರಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಸಾಕೆಂಬ ಅಭಿಪ್ರಾಯ ಕೆಲವರಲ್ಲಿದೆ. ಅದೀಗ ಸಾಲದು. ಇತ್ತೀಚಿನ ಆಂಡ್ರಾಯ್ಡ್ ಮತ್ತು ಐಫೋನ್‌ಗಳು ಖಾಸಗಿತನದ ರಕ್ಷಣೆಗಾಗಿ ಪ್ರತಿ ವೈ-ಫೈ ಜಾಲಕ್ಕೂ ತೋರಿಕೆಯ ಬೇರೆ ಸಂಖ್ಯೆ ನೀಡುತ್ತವೆ. ಆದ್ದರಿಂದ ಯಂತ್ರಕ್ಕಿಂತ ಮನೆಯ ಗುರುತೇ ವಿಶ್ವಾಸಾರ್ಹ.

ಮೂರನೆಯದು, ಹೊಣೆಗಾರರ ನೇಮಕ. ರೂಟರಿನ ಆಡಳಿತ ಪಾಸ್‌ವರ್ಡ್ ಸಂಘದ ಇಬ್ಬರು ಪದಾಧಿಕಾರಿಗಳಲ್ಲಿ ಮಾತ್ರ ಇರಬೇಕು. ಬಾಡಿಗೆದಾರರು ಮನೆ ಬಿಟ್ಟ ದಿನವೇ ಆ ಮನೆಯ ಪಾಸ್‌ವರ್ಡ್ ಬದಲಾಗಬೇಕು. ರೂಟರಿನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು. ತಯಾರಕರು ನವೀಕರಣ ನಿಲ್ಲಿಸಿದ ಹಳೆಯ ಯಂತ್ರವನ್ನು, ಅದು ಓಡುತ್ತಿದ್ದರೂ, ತೆಗೆದುಹಾಕಬೇಕು.

ದಾಖಲೆ ಬೇಕು, ಇಣುಕುವುದು ಬೇಡ

ಹಂಚಿಕೆಯ ಜಾಲದಲ್ಲಿ ಯಾವ ವೇಳೆಯಲ್ಲಿ ಯಾವ ಮನೆಯ ಸಂಪರ್ಕ ಯಾವ ವಿಳಾಸವನ್ನು ಬಳಸಿತ್ತು ಎಂಬ ದಾಖಲೆ ಇದ್ದರೆ ನಿರಪರಾಧಿಗಳು ತಮ್ಮನ್ನು ರಕ್ಷಿಸಿಕೊಳ್ಳಬಹುದು. ಸೇವಾ ಸಂಸ್ಥೆಗಳು, ಕಂಪನಿಗಳು ಮುಂತಾದವು ಇಂತಹ ದಾಖಲೆಗಳನ್ನು 180 ದಿನ ಇಡಬೇಕೆಂದು ಕೇಂದ್ರದ ಕಂಪ್ಯೂಟರ್ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿದೆ. ಅಪಾರ್ಟ್‌ಮೆಂಟ್ ಸಂಘಗಳನ್ನು ಹೆಸರಿಸಿ ಹೇಳಿದ ನಿರ್ದೇಶನವಲ್ಲವಾದರೂ ಸಂಘಗಳು ಆ ಅವಧಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ವಿವೇಕ.

ಆದರೆ ದಾಖಲೆಗೂ ಬೇಹುಗಾರಿಕೆಗೂ ನಡುವಿನ ಗೆರೆ ತೆಳುವಾದದ್ದು. ಎರಡನೆಯ ಮಹಡಿಯ ಯುವತಿ ಯಾವ ತಾಣ ನೋಡಿದಳು, ಯಾರೊಡನೆ ಮಾತನಾಡಿದಳು ಎಂದು ಸಂಘದ ಕಾರ್ಯದರ್ಶಿ ಕುಳಿತು ನೋಡುವಂತಾದರೆ ಅದು ಭದ್ರತೆಯಲ್ಲ, ಅನಾಚಾರ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಕರ್ತವ್ಯಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ನಿವಾಸಿಗಳ ದತ್ತಾಂಶ ಕೂಡಿಡುವ ಸಂಘವೂ ಅದಕ್ಕೆ ಉತ್ತರ ಹೇಳಬೇಕಾಗಿ ಬರಬಹುದು.

ಆದ್ದರಿಂದ ವೇಳೆ, ಮನೆ, ವಿಳಾಸ ಇಷ್ಟೇ ದಾಖಲೆಯಾಗಲಿ. ಅದು ಮುದ್ರೆ ಒತ್ತಿದ ಲಕೋಟೆಯಂತಿರಲಿ. ಕಾನೂನುಬದ್ಧ ಬೇಡಿಕೆ ಬಂದಾಗ ಮಾತ್ರ ತೆರೆಯಲಿ. ಅವಧಿ ಮುಗಿದ ಕೂಡಲೇ ಅಳಿಸಿಹೋಗಲಿ. ಈ ನಿಯಮವನ್ನು ಸಂಘದ ಸಭೆಯಲ್ಲಿ ಮಂಡಿಸಿ ನಡಾವಳಿ ಪುಸ್ತಕದಲ್ಲಿ ಬರೆದು, ಬಾಡಿಗೆದಾರರೂ ಸೇರಿದಂತೆ ಎಲ್ಲರಿಂದ ಒಪ್ಪಿಗೆ ಪಡೆಯಬೇಕು.

ಹಂಚಬೇಕಾದದ್ದು ಮಾರ್ಗವನ್ನು

ಇಷ್ಟೆಲ್ಲ ಶಿಸ್ತು ಎಂಟು ಹತ್ತು ಮನೆಗಳ ಚಿಕ್ಕ ಕಟ್ಟಡಕ್ಕೆ ಸಾಧ್ಯವೇ ಎಂಬ ಸಂದೇಹ ನ್ಯಾಯವಾದದ್ದೇ. ನಮ್ಮ ಪಟ್ಟಣಗಳ ಬಹುಪಾಲು ಬಾಡಿಗೆ ಕಟ್ಟಡಗಳಲ್ಲಿ ಸಂಘವೇ ಇಲ್ಲ. ಮಾಲೀಕರ ಮಾತೇ ನಿಯಮ. ಅಂತಹ ಕಡೆ ಸಂಪರ್ಕವನ್ನು ಹಂಚಿಕೊಳ್ಳುವುದಕ್ಕಿಂತ ಮಾರ್ಗವನ್ನು ಹಂಚಿಕೊಳ್ಳುವುದು ಉತ್ತಮ. ಅಂದರೆ, ಕಟ್ಟಡಕ್ಕೆ ಒಂದು ಫೈಬರ್, ನೆಲಮಹಡಿಯಲ್ಲಿ ಒಂದು ವಿತರಣಾ ಪೆಟ್ಟಿಗೆ, ಅಲ್ಲಿಂದ ಪ್ರತಿ ಮನೆಗೂ ಪ್ರತ್ಯೇಕ ಎಳೆ, ಪ್ರತಿ ಮನೆಗೂ ಅದರದೇ ಹೆಸರಿನ ಖಾತೆ.

ಫೈಬರ್ ತಂತ್ರಜ್ಞಾನ ರೂಪುಗೊಂಡಿರುವುದೇ ಹೀಗೆ. ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದೇ ಎಳೆಯ ಬೆಳಕನ್ನು ಸ್ಪ್ಲಿಟರ್ ಎಂಬ ವಿದ್ಯುತ್ ಬೇಡದ ಚಿಕ್ಕ ಸಾಧನದ ಮೂಲಕ 32 ಅಥವಾ 64 ಮನೆಗಳಿಗೆ ಹಂಚಲಾಗುತ್ತದೆ. ಆ ಎಳೆಯ ಒಟ್ಟು ಸಾಮರ್ಥ್ಯ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್. 32 ಮನೆಗಳೂ ಏಕಕಾಲಕ್ಕೆ ಪೂರ್ಣವಾಗಿ ಬಳಸಿದರೂ ತಲಾ 75 ಮೆಗಾಬಿಟ್‌ಗಿಂತ ಹೆಚ್ಚು ದೊರೆಯುವ ಲೆಕ್ಕ. ಪ್ರತಿ ಮನೆಗೆ ಹೋಗುವ ದತ್ತಾಂಶಕ್ಕೆ ಪ್ರತ್ಯೇಕ ಗೂಢಲಿಪಿಯ ಏರ್ಪಾಡೂ ಅದರಲ್ಲಿದೆ. ನಾವು ರೂಟರಿನಲ್ಲಿ ಕಟ್ಟಲು ಹೆಣಗುವ ಗೋಡೆ ಇಲ್ಲಿ ಮೊದಲೇ ಇದೆ. ಖಾತೆ, ದಾಖಲೆ, ಗುರುತಿನ ಹೊಣೆ ಸೇವಾ ಸಂಸ್ಥೆಯದು.

ಇದರಿಂದ ಖರ್ಚು ಹೆಚ್ಚುತ್ತದೆ ಎಂಬುದನ್ನು ಮರೆಮಾಚಬೇಕಿಲ್ಲ. ತಿಂಗಳಿಗೆ 800 ರೂಪಾಯಿಯ ಒಂದು ಯೋಜನೆಯನ್ನು ನಾಲ್ಕು ಮನೆ ಹಂಚಿಕೊಂಡರೆ ತಲಾ 200 ರೂಪಾಯಿ. ಪ್ರತ್ಯೇಕವಾಗಿ 400 ರೂಪಾಯಿಯ ಚಿಕ್ಕ ಯೋಜನೆ ಪಡೆದರೂ ಖರ್ಚು ಇಮ್ಮಡಿ. ವಿದ್ಯಾರ್ಥಿಗಳಿಗೆ, ದಿನಗೂಲಿಯ ಕುಟುಂಬಗಳಿಗೆ ಅದು ಹಗುರವಲ್ಲ. ಆದರೆ ಹೆಚ್ಚುವರಿ 200 ರೂಪಾಯಿ ಕೊಡಿಸುವುದು ವೇಗವನ್ನಲ್ಲ, ತಾನು ಮಾಡದ್ದಕ್ಕೆ ತಾನು ಉತ್ತರಿಸಬೇಕಾಗಿಲ್ಲ ಎಂಬ ನೆಮ್ಮದಿಯನ್ನು.

ಯಾವ ದಾರಿ ಹಿಡಿದರೂ ಕಟ್ಟಡದೊಳಗಿನ ತಂತಿಯ ಮಾರ್ಗ ಒಂದೇ ಸಂಸ್ಥೆಯ ಸ್ವತ್ತಾಗಬಾರದು. ಬಿಲ್ಡರ್ ಅಥವಾ ಮಾಲೀಕರು ಒಂದು ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಉಳಿದವರಿಗೆ ಬಾಗಿಲು ಮುಚ್ಚಿದರೆ ನಿವಾಸಿಗಳಿಗೆ ಆಯ್ಕೆಯೇ ಇಲ್ಲದಂತಾಗುತ್ತದೆ. ಕಟ್ಟಡಗಳ ಒಳಗಿನ ಸೌಕರ್ಯವನ್ನು ಎಲ್ಲ ಸೇವಾ ಸಂಸ್ಥೆಗಳಿಗೂ ತಾರತಮ್ಯವಿಲ್ಲದೆ ತೆರೆದಿಡಬೇಕೆಂದು ಟ್ರಾಯ್ 2017ರ ಜನವರಿಯಲ್ಲೇ ಶಿಫಾರಸು ಮಾಡಿದೆ. ಹೊಸ ಕಟ್ಟಡಗಳಲ್ಲಿ ಸಂಪರ್ಕ ಸೌಕರ್ಯಕ್ಕೆ ಜಾಗ ಕಲ್ಪಿಸುವ ಅಂಶಗಳನ್ನು 2022ರಲ್ಲಿ ಮಾದರಿ ಕಟ್ಟಡ ಉಪವಿಧಿಗಳಿಗೆ ಸೇರಿಸಲಾಗಿದೆ. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಗುಣಮಟ್ಟದ ಆಧಾರದ ಮೇಲೆ ಶ್ರೇಯಾಂಕ ನೀಡುವ ನಿಯಮಾವಳಿಯನ್ನು ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದೆ.

ನಾಲ್ಕು ಪಟ್ಟಣಗಳಿಗೆ ತಕ್ಕ ದಾರಿ

ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮಲೆನಾಡು ಎಂಜಿನಿಯರಿಂಗ್ ಕಾಲೇಜುಗಳಂಥ ಸಂಸ್ಥೆಗಳಿಂದಾಗಿ ವಿದ್ಯಾರ್ಥಿಗಳ ಪಿ.ಜಿ. ಮನೆಗಳಿಗೆ ಬೇಡಿಕೆಯಿದೆ. ಒಂದೊಂದು ಕಟ್ಟಡದಲ್ಲಿ ಹತ್ತಾರು ಮಂದಿ, ವರ್ಷ ವರ್ಷ ಹೊಸಬರು. ಇಂತಹ ಕಡೆ ಮನೆಗೊಂದು ಖಾತೆ ಎಂಬುದು ನಡೆಯದ ಮಾತು. ಕೇಂದ್ರ ಸಂಪುಟ 2020ರ ಡಿಸೆಂಬರ್ 9ರಂದು ಒಪ್ಪಿದ ಪಿಎಂ-ವಾಣಿ ಯೋಜನೆಯತ್ತ ಪಿ.ಜಿ. ಮಾಲೀಕರು ನೋಡಬಹುದು. ಅಂಗಡಿಯವರೂ ಪರವಾನಗಿ ಇಲ್ಲದೆ ಸಾರ್ವಜನಿಕ ವೈ-ಫೈ ನೀಡಲು ಅದು ಅವಕಾಶ ಕೊಡುತ್ತದೆ. ಬಳಕೆದಾರರ ದೃಢೀಕರಣ ಮತ್ತು ಲೆಕ್ಕವನ್ನು ನೋಂದಾಯಿತ ಸಂಸ್ಥೆ ನೋಡಿಕೊಳ್ಳುತ್ತದೆ. ಈ ಯೋಜನೆಯವರಿಗೆ ನೀಡುವ 200 ಮೆಗಾಬಿಟ್‌ವರೆಗಿನ ಫೈಬರ್ ಸಂಪರ್ಕಕ್ಕೆ ಗೃಹ ಗ್ರಾಹಕರ ದರದ ಎರಡು ಪಟ್ಟಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ ಎಂದು ಟ್ರಾಯ್ 2025ರ ಜೂನ್‌ನಲ್ಲಿ ಆದೇಶಿಸಿದೆ.

ಚನ್ನರಾಯಪಟ್ಟಣ ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲಿದೆ. ಬೆಂಗಳೂರಿನ ಬಾಂಧವ್ಯದಿಂದ ಹೊಸ ಕಟ್ಟಡಗಳು ಏಳುವ ಊರು. ಇಲ್ಲಿ ಕಟ್ಟುವಾಗಲೇ ಕೊಳವೆ ಹಾಕಿಸುವುದು ಸುಲಭ. ನಕ್ಷೆಗೆ ಮಂಜೂರಾತಿ ನೀಡುವ ಸ್ಥಳೀಯ ಸಂಸ್ಥೆ ನೀರು, ಚರಂಡಿಯ ಜೊತೆಗೆ ಫೈಬರ್ ಕೊಳವೆಯ ಗೆರೆಯನ್ನೂ ಕೇಳಿದರೆ ಮುಂದೆ ಗೋಡೆ ಕೊರೆಯುವ ಕಷ್ಟ ತಪ್ಪುತ್ತದೆ. ಹೊಳೆನರಸೀಪುರದಂಥ ಹಳೆಯ ಪೇಟೆಯ ಒತ್ತೊತ್ತಾದ ಕಟ್ಟಡಗಳಲ್ಲಿ ಬೇರೊಂದು ತೊಂದರೆ. ಮನೆಗೊಂದು ರೂಟರ್ ಇಟ್ಟರೆ ಅವು ಒಂದಕ್ಕೊಂದು ಅಡ್ಡಿಯಾಗುತ್ತವೆ. ಸಾಮಾನ್ಯ ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಪರಸ್ಪರ ತಾಗದ ವಾಹಿನಿಗಳು 1, 6 ಮತ್ತು 11, ಹೀಗೆ ಮೂರೇ. ನೆರೆಯವರು ಮಾತನಾಡಿಕೊಂಡು ವಾಹಿನಿ ಹಂಚಿಕೊಳ್ಳಬೇಕು, ಇಲ್ಲವೇ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿಕೊಳ್ಳಬೇಕು.

ಅರಕಲಗೂಡಿನಂಥ, ಮಲೆನಾಡಿಗೆ ಹೊಂದಿಕೊಂಡ ಕಡೆ ಮುಂಗಾರುಪೂರ್ವದ ಸಿಡಿಲು ಮತ್ತು ವಿದ್ಯುತ್ ವ್ಯತ್ಯಯವನ್ನು ಗಮನದಲ್ಲಿಡಬೇಕು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾರಸಿಯ ಮೇಲೆ ತಾಮ್ರದ ಕೇಬಲ್ ಎಳೆದರೆ ಸಿಡಿಲಿನ ಆಘಾತ ಎರಡೂ ಕಡೆಯ ಯಂತ್ರಗಳನ್ನು ಸುಡಬಲ್ಲದು. ನೂರು ಮೀಟರಿಗಿಂತ ಉದ್ದವಾದರೆ ಆ ಕೇಬಲ್ ಸರಿಯಾಗಿ ಕೆಲಸವನ್ನೂ ಮಾಡದು. ಗಾಜಿನ ಎಳೆಯ ಫೈಬರಿಗೆ ಈ ಎರಡು ತೊಂದರೆಗಳೂ ಇಲ್ಲ. ಸಾಮೂಹಿಕ ಯಂತ್ರಗಳಿಗೆ ಒಂದು ಚಿಕ್ಕ ಯುಪಿಎಸ್ ಇರುವುದೂ ಅವಶ್ಯ.

ಯಾರು ಏನು ಮಾಡಬೇಕು

ಈ ವಿಷಯದಲ್ಲಿ ಸರ್ಕಾರದ ಕಡೆ ಬೆರಳು ತೋರಿಸಿ ಸುಮ್ಮನಿರುವಂತಿಲ್ಲ. ಬಾಡಿಗೆ ಕರಾರಿನಲ್ಲಿ ನೀರು, ವಿದ್ಯುತ್ತಿನ ಬಗ್ಗೆ ಇರುವಂತೆ ಇಂಟರ್‌ನೆಟ್ ಬಗ್ಗೆಯೂ ಎರಡು ಸಾಲು ಇರಲಿ: ಖಾತೆ ಯಾರದು, ಮನೆ ಬಿಟ್ಟಾಗ ಏನಾಗಬೇಕು. ಊರು ಬಿಡುವವರು ಅಡುಗೆ ಅನಿಲದ ಸಂಪರ್ಕ ಹಿಂದಿರುಗಿಸುವಷ್ಟೇ ಜಾಗ್ರತೆಯಿಂದ ಇಂಟರ್‌ನೆಟ್ ಖಾತೆಯನ್ನೂ ಮುಚ್ಚಿಸಿ ರಸೀದಿ ಪಡೆಯಲಿ. ದುರ್ಬಳಕೆಯ ಸುಳಿವು ಸಿಕ್ಕರೆ ತಡಮಾಡದೆ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ತಿಳಿಸಲಿ. ಹಣ ಕಳೆದುಕೊಂಡಿದ್ದರೆ 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಲಿ. ಮೊದಲು ದೂರು ಕೊಟ್ಟವರ ಮಾತಿಗೆ ಇರುವ ತೂಕ, ನೋಟಿಸ್ ಬಂದ ಮೇಲೆ ವಿವರಣೆ ಕೊಡುವವರ ಮಾತಿಗೆ ಇರುವುದಿಲ್ಲ.

ಸ್ಥಳೀಯ ಕೇಬಲ್ ನಿರ್ವಾಹಕರಿಗೂ ಇಲ್ಲಿ ಪಾತ್ರವಿದೆ. ಟಿವಿ ತಂತಿ ಎಳೆದವರೇ ಹಲವೆಡೆ ಇಂದು ಇಂಟರ್‌ನೆಟ್ ತಂತಿಯನ್ನೂ ಎಳೆಯುತ್ತಿದ್ದಾರೆ. ರೂಟರ್ ಅಳವಡಿಸುವ ದಿನವೇ ಆಡಳಿತ ಪಾಸ್‌ವರ್ಡ್ ಬದಲಿಸಿ ಗ್ರಾಹಕರ ಕೈಗೆ ಕೊಡುವುದು ಐದು ನಿಮಿಷದ ಕೆಲಸ. ಅದು ಅವರ ಸೇವೆಯ ಭಾಗವಾಗಬೇಕು.

ಹಂಚಿಕೊಂಡು ಬಾಳುವುದು ನಮ್ಮ ಪಟ್ಟಣಗಳ ಹಳೆಯ ರೂಢಿ, ಅದನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ವಠಾರದ ನಲ್ಲಿಯ ಸುತ್ತ ಸರತಿ, ಮಿತಿ, ಪಾಳಿ ಎಂಬ ಕಟ್ಟಳೆಗಳು ಜಗಳಗಳ ನಡುವೆಯೇ ಹುಟ್ಟಿಕೊಂಡವು. ವೈ-ಫೈ ಸುತ್ತಲಿನ ಕಟ್ಟಳೆಗಳು ಅಮಾಯಕರೊಬ್ಬರು ಠಾಣೆಯ ಮೆಟ್ಟಿಲು ಹತ್ತಿದ ಬಳಿಕ ಹುಟ್ಟುವುದು ಬೇಡ. ಮುಂದಿನ ತಿಂಗಳ ಬಿಲ್ಲು ಹಂಚಿಕೊಳ್ಳಲು ಕುಳಿತಾಗ, ಆ ಬಿಲ್ಲಿನ ಮೇಲೆ ಯಾರ ಹೆಸರಿದೆ ಎಂಬುದನ್ನು ಒಮ್ಮೆ ಓದಿ ನೋಡಿದರೆ ಚರ್ಚೆಗೆ ಅಷ್ಟೇ ಸಾಕು.